ಮೂರನೇ ಗೇಟಿನ ವಹಿ

ಎದೆಯ ಮೇಲಿನ ಹೆಸರುಪಟ್ಟಿ ನನ್ನದಲ್ಲ,
ನನಗಿಂತ ಮೊದಲಿದ್ದ ಸರೋಜಳದು.
ಗುತ್ತಿಗೆದಾರ ಹೊಸದು ಮಾಡಿಸಿಲ್ಲ, ನಾನೂ ಕೇಳಿಲ್ಲ.
ಮಂದಿಯ ಗುರುತಿನ ಚೀಟಿ ನೋಡಿ ಒಳಗೆ ಬಿಡುತ್ತೇನೆ
ಬೇರೆಯವಳ ಹೆಸರಲ್ಲಿ, ಆರು ವರ್ಷದಿಂದ.

ಅವತ್ತು ರಾಯಚೂರಿನ ಬಿಸಿಲು ಎಂಟಕ್ಕೇ
ನನಗಿಂತ ಮೊದಲು ಡ್ಯೂಟಿಗೆ ಬಂದಿತ್ತು.
ಗೇಟಿಗೆ ಬಣ್ಣ ಬಳಿದಿದ್ದರು. ಕುಂಡದ ಗಿಡಗಳ
ಎಲೆ ಒರೆಸಲಿಕ್ಕೆಂದೇ ಇಬ್ಬರು ಹೆಣ್ಣಾಳು,
ಒದ್ದೆ ಅರಿವೆ, ಬಕೆಟ್ಟು,
ಹತ್ತು ಗಿಡಕ್ಕೊಮ್ಮೆ ಬಕೆಟ್ಟಿನ ನೀರು ಬದಲು.
ಪರಿಸರ ಪರಿಶೀಲನಾ ಸಮಿತಿ ಬರುವುದಿತ್ತು.

ಹನ್ನೆರಡು ಡಬ್ಬಿ ಸೀಲು ಒಡೆಯದ ನೀರು ಬಂತು.
ಪಾಸ್ ಇತ್ತು, ಬಿಟ್ಟೆ.
ಗೋಡಂಬಿ, ಹಾರ, ಒಂದು ಶಾಲು ಹೆಚ್ಚಿಗೆ.
ಪಾಸ್ ಇತ್ತು, ಬಿಟ್ಟೆ.

ಹನ್ನೊಂದಕ್ಕೆ ಗುಂಜಿಹಾಳದ ಹುಸೇನಮ್ಮ ಬಂದಳು.
ಅಹವಾಲು ಹೇಳುವವರ ಪಟ್ಟಿಯಲ್ಲಿ ನಲವತ್ತೊಂದನೆಯವಳು,
ಒಂದು ಏತ್ವ ಬಿಟ್ಟು ‘ಹುಸನಮ್ಮ’ ಎಂದು ಟೈಪಾಗಿತ್ತು.
ಅಷ್ಟಕ್ಕೆ ತಡೆಯಲಿಲ್ಲ ನಾನು.
ಚೀಲದಲ್ಲಿ ಎಲೆಅಡಿಕೆ ಸಂಚಿ, ರೊಟ್ಟಿ ಗಂಟು,
ಎಂದೋ ಮಾವಿನ ರಸವಿದ್ದ ಬಾಟ್ಲಿ,
ಮುಚ್ಚಳದ ಸುತ್ತ ಅರಿವೆ ಬಿಗಿದದ್ದು.

“ಏನವ್ವ ಇದು?”
“ನೀರು.”
“ಕುಡಿಯಾಕ?”
ನಕ್ಕಳು, ಎಲೆ ಜಗಿದ ಕೆಂಪು ಹಲ್ಲು.
“ನೀ ಕುಡಿತೀಯೇನು?
ನಮ್ಮ ಬಾವಿದು, ಬೂದಿ ಹೊಂಡದ ಕಟ್ಟಿ ಕೆಳಗಿಂದು.
ಬಾಯಿಲೆ ಹೇಳಿದ್ರ ಸಾಹೇಬ್ರು ಬರ್ಕೊಳ್ಳಂಗಿಲ್ಲ.
ಇದು ತಾನ ಹೇಳತೈತಿ.”

ಗೇಟಿನ ಫಲಕದ ಮೇಲೆ ಬೆಂಕಿಪೊಟ್ಟಣ, ಚಾಕು, ಬಾಟ್ಲಿ,
ಒಂದೊಂದರ ಮೇಲೂ ಕೆಂಪು ಗೀಟು,
ಓದು ಬಾರದವರಿಗೂ ತಿಳಿಯಲೆಂದು.
ಆಕೆ ಚಿತ್ರ ನೋಡಿದಳು, ನನ್ನ ನೋಡಿದಳು.
ಕಂಬದ ಮೇಲಿನ ಕ್ಯಾಮೆರಾ ಇಬ್ಬರನ್ನೂ ನೋಡಿತು.

“ಇಲ್ಲೇ ಇಟ್ಟು ಹೋಗಬೇಕವ್ವ.”
ಹೇಳಿದವಳು ಸರೋಜ ಎಂದುಕೊಂಡೆ.

ವಾದಕ್ಕಿಳಿಯಲಿಲ್ಲ ಆಕೆ. ಗಂಟು ಮತ್ತೊಮ್ಮೆ ಬಿಗಿದು
“ಅಲ್ಲಾಡಿಸಬ್ಯಾಡ,” ಅಂದಳು,
“ತಳಕ್ಕ ಕುಂತದ್ದು ಕಾಣಬೇಕು.”

ಜಮಾ ವಹಿ ತೆರೆದೆ. ಕ್ರಮಸಂಖ್ಯೆ, ವೇಳೆ, ವಸ್ತು.
ಕೊನೆಯ ಖಾನೆ ‘ವಿವರ’, ಯಾವತ್ತೂ ಖಾಲಿ.
ಅವತ್ತು ಪೆನ್ನು ನಿಲ್ಲಲಿಲ್ಲ:
ಬಾಟ್ಲಿ ಒಂದು. ಒಳಗೆ ಗುಂಜಿಹಾಳದ ಬಾವಿಯ ನೀರು.
ಬಣ್ಣ, ಒಲೆ ಒರೆಸಿದ ಅರಿವೆ ಹಿಂಡಿದ ಹಾಗೆ.
ತಳದಲ್ಲಿ ಎರಡು ಬೆರಳು ಬೂದಿ.
ವಾಸನೆ—
ಮೂಸಿದೆ, ಮಾತು ಸಿಗಲಿಲ್ಲ,
‘ಇದೆ’ ಎಂದಷ್ಟೇ ಬರೆದು
ಆಕೆಯ ಹೆಬ್ಬೆಟ್ಟು ಒತ್ತಿಸಿಕೊಂಡೆ.

ಒಳಗಿನದು ಕೇಳಿದ ಮಾತು.
ಎರಡು ನಿಮಿಷ ಕೊಟ್ಟರಂತೆ.
ಪುರಾವೆ ಇದೆಯೇ ಅಂದರಂತೆ.
“ಗೇಟಿನಾಗ ಐತಿ” ಅಂದಳಂತೆ.
ನಕ್ಕರಂತೆ, ಕೆಟ್ಟ ನಗೆಯಲ್ಲ,
ಊಟದ ಹೊತ್ತಿಗೆ ಬರುವ ನಗೆ.
ಊರವರ ಬಸ್ಸು ಒಂದನೇ ಗೇಟಿನಿಂದ ಹೋಯಿತು.
ಬಾಟ್ಲಿ ನನ್ನ ಕಪಾಟಿನಲ್ಲಿ ಉಳಿಯಿತು.

ಎರಡು ವಾರಕ್ಕೆ ಬಂದದ್ದು ಇನ್ನೊಂದು ತಪಾಸಣೆ, ಭದ್ರತೆಯದು.
ಸಾಹೇಬರು ಒಬ್ಬರೇ, ಜೊತೆಗೆ ಶಾಲಿಲ್ಲ, ಹಾರವಿಲ್ಲ.
ಬೇಲಿಯುದ್ದಕ್ಕೂ ನಡೆದರು, ಆರಿದ ದೀಪ ಎಣಿಸಿದರು,
ನನ್ನ ವಹಿಯನ್ನು ಬೆರಳಿಟ್ಟು ಓದುತ್ತ
ಒಂದು ಸಾಲಿನಲ್ಲಿ ನಿಂತರು.
“ವಸ್ತು ಎಲ್ಲಿ?”

ನೀರು ಮೇಲೆ ತಿಳಿಯಾಗಿತ್ತು, ಕೆಳಗೆ ಬೂದಿ ಗಟ್ಟಿ.
ಕಿಟಕಿಯ ಬೆಳಕಿಗೆ ಹಿಡಿದರು.
ಬರೆದದ್ದನ್ನೂ ಇದ್ದದ್ದನ್ನೂ ತಾಳೆ ನೋಡಿದರು.
ಗಂಟು ಬಿಚ್ಚಿ ಮೂಸಿದರು, ಮುಖ ಆಚೆ ತಿರುಗಿಸಿ
ಹಸಿರು ಶಾಯಿಯಲ್ಲಿ ಬರೆದರು:
‘ಪರಿಶೀಲಿಸಿದೆ. ವಿವರ ಸರಿಯಾಗಿದೆ.’
ಸಹಿ, ತಾರೀಖು, ಗುಂಡು ಮೊಹರು.

ಹೋಗುವಾಗ ನನ್ನ ಎದೆಯ ಪಟ್ಟಿ ಓದಿ
“ಚೆನ್ನಾಗಿ ಬರೀತೀರಿ, ಸರೋಜಾ” ಅಂದರು.
ಹೂಂ ಅಂದುಬಿಟ್ಟೆ.

ವಹಿಯ ಮೊದಲ ಪುಟದಲ್ಲಿ ಅಚ್ಚಾಗಿದೆ:
ವಾರಸುದಾರರು ಮೂವತ್ತು ದಿನದೊಳಗೆ ಬಾರದಿದ್ದರೆ
ದ್ರವ ಪದಾರ್ಥವನ್ನು ಚೆಲ್ಲತಕ್ಕದ್ದು.
ಎಲ್ಲಿ ಎಂದು ಬರೆದಿಲ್ಲ.
ಗಿಡದ ಬುಡ ನೋಡಿದೆ, ಮೋರಿ ನೋಡಿದೆ,
ಮೋರಿ ಹೊಳೆಗೆ ಹೋಗುವ ದಾರಿಯನ್ನೂ.

ಇವತ್ತಿಗೆ ಇಪ್ಪತ್ತೊಂಬತ್ತು.